ಬಿಳಿ ಮೀನುಸಾರು

ಮೊದಲ ವರ್ಷ, ಮತ್ರಾದ ಮೀನುಪೇಟೆಯಲ್ಲಿ
ಯಾರೋ ಕೂಗಿದ ಹಾಗಾಯಿತು: "ಕನ್ನಡ್! ಕನ್ನಡ್!"
ತಿರುಗಿ ನೋಡಿದೆ.
ಕರೆದದ್ದು ನನ್ನನ್ನಲ್ಲ. ನಮ್ಮ ಅಂಜಲ್ ಮೀನಿಗೆ
ಇವರ ಬಾಯಲ್ಲಿ ಹೆಸರು ಕನ್‌ಅದ್.
ಹನ್ನೊಂದು ವರ್ಷವಾಯಿತು.
ಈಗಲೂ ಆ ಕೂಗಿಗೆ ಕತ್ತು ಅರ್ಧ ತಿರುಗುತ್ತದೆ.

ಇವತ್ತು ಶುಕ್ರವಾರ. ಮುಕ್ಕಾಲು ಕಿಲೋ ಕನ್‌ಅದ್,
ಎರಡು ಬಟಾಟೆ, ಒಂದು ಈರುಳ್ಳಿ,
ಅಚ್ಚು ಬೆಣ್ಣೆ, ಹಾಲು, ಡಬ್ಬಿ ಕ್ರೀಮು.
ಮೆಣಸಿಲ್ಲ, ಹುಳಿಯಿಲ್ಲ.
ಅಂಗಡಿಯ ಮಂಜೇಶ್ವರದ ಹುಡುಗ
ಚೀಲ ಇಣುಕಿ ಕೇಳಿದ, "ಯಾರಿಗಣ್ಣ ಪಥ್ಯ?"

ಇದಿನಬ್ಬನಿಗೆ.
ಹೊಟ್ಟೆಗೆ ನಳಿಗೆ ಇಳಿಸಿದ ಡಾಕ್ಟರು
ಹುಣ್ಣಿನ ಬಣ್ಣದ ಫೋಟೋ ತೋರಿಸಿ
ಆರು ವಾರ ಖಾರ ಮುಟ್ಟಬೇಡ ಎಂದಿದ್ದಾರೆ.
ಉಳ್ಳಾಲದವನು. ಚಿನ್ನದಂಗಡಿಯ ವ್ಯಾನು ಓಡಿಸುತ್ತಾನೆ.
ಎಂಟು ದಿನದಿಂದ ಗಂಜಿ, ಮೊಸರು,
ಗೋಡೆಯ ಕಡೆಗೆ ಮುಖ.
ರೂಮಿನಲ್ಲಿ ನಾವು ಮೀನು ಹುರಿದರೆ
ಎದ್ದು ಮಹಡಿ ಮೇಲೆ ಹೋಗಿ ನಿಲ್ಲುತ್ತಾನೆ, ಆ ಬಿಸಿಲಲ್ಲಿ.

"ಚೌಡರ್ ಮಾಡು," ಎಂದ ಗಿಲ್ಬರ್ಟ್.
ಹಡಗಿನ ಅಡುಗೆಮನೆಯಲ್ಲಿ ನಾಲ್ಕು ವರ್ಷ ಪಾತ್ರೆ ತೊಳೆದವ.
"ಬಿಳಿಯರ ಮೀನುಸಾರು, ಹಾಲಿನದ್ದು.
ನಮ್ಮ ಕ್ಯಾಪ್ಟನಿಗೆ ಹಲ್ಲೇ ಇರಲಿಲ್ಲ,
ಎರಡು ಬಟ್ಟಲು ಮುಗಿಸುತ್ತಿದ್ದ."

ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು.
ಗಂಗೊಳ್ಳಿಯಿಂದ ವಾಟ್ಸಾಪಿನಲ್ಲಿ ಸಿಡಿಲು:
"ಮೀನಿಗ್ ಹಾಲಾ? ನಿಂಗೆ ಮಳ್ಳಾ?
ತೊನ್ನ್ ಹಿಡಿತ್ತ್ ಕಾಣ್!"
ಮೂವತ್ತು ವರ್ಷ ಬುಟ್ಟಿ ಹೊತ್ತವಳು,
ಕಿವಿರು ಎತ್ತಿ ನೋಡಿ
ಮೀನು ಯಾವಾಗ ಸತ್ತಿತೆಂದು ಹೇಳುವವಳು.
ಅವಳೆದುರು ನಾನು ಬರೀ ಲಿಫ್ಟ್ ರಿಪೇರಿಯವ.
ಫೋನು ಬೋರಲು ಹಾಕಿ ಒಲೆ ಹಚ್ಚಿದೆ.

ಈರುಳ್ಳಿ ಕೆಂಪಾಗಬಾರದಂತೆ, ಮೆತ್ತಗಾದರೆ ಸಾಕಂತೆ.
ಒಗ್ಗರಣೆ ಸಿಡಿಸಿ ಕಲಿತ ಕೈಗೆ
ಇದೆಂಥ ಕೆಲಸ! ಬೆಣ್ಣೆಯಲ್ಲಿ ಸದ್ದಿಲ್ಲದೆ
ಕನ್ನಡಿಯಂತಾಗುವವರೆಗೆ ಕಾದೆ.
ಒಂದು ಚಮಚ ಮೈದಾ.
ತಲೆ, ಮುಳ್ಳು ಕುದಿಸಿ ಸೋಸಿದ ನೀರು.
ಪಗಡೆಯ ದಾಳದಷ್ಟು ಬಟಾಟೆ.
ಅದು ಬೆಂದ ಮೇಲೆ ಮೀನು, ಐದೇ ನಿಮಿಷ.
ಆಮೇಲೆ ಹಾಲು, ಕ್ರೀಮು.
"ಇಲ್ಲಿಂದ ಮುಂದೆ ಕುದಿಯಬಾರದು, ಒಡೀತದೆ,"
ಎಂದವನೇ ಗಿಲ್ಬರ್ಟ್ ಡ್ಯೂಟಿಗೆ ಹೋದ.

ಸೌಟು ಹಿಡಿದು ನಿಂತೆ.
ಅಂಚಿಗೆ ಗುಳ್ಳೆ ಬಂದರೆ ಉರಿ ಇಳಿಸಿ,
ಅಡಗಿದರೆ ಚೂರು ಏರಿಸಿ,
ಎರಡು ಮಹಡಿಗಳ ನಡುವೆ
ಲಿಫ್ಟನ್ನು ಹಿಡಿದು ನಿಲ್ಲಿಸುವ ಹಾಗೆ.
ಇದು ನನಗೆ ಬರುತ್ತದೆ.
ಕಿಟಕಿಯಾಚೆ ಬೋಳು ಗುಡ್ಡ,
ಏಸಿಯ ನೀರು ಪೇಂಟಿನ ಬಕೆಟಿಗೆ
ತೊಟ್ ತೊಟ್.
ಪಾತ್ರೆಯಿಂದ ಎದ್ದದ್ದು ಯಾವ ಅಡುಗೆಯ ವಾಸನೆಯೂ ಅಲ್ಲ:
ಹಾಲು ಕುಡಿದ ಮಗುವಿನ ಬಾಯಿ,
ಅದರ ಹಿಂದೆ ಎಲ್ಲೋ ಕಡಲು.

ಇದಿನಬ್ಬ ಬಟ್ಟಲು ನೋಡಿದ. ನನ್ನನ್ನು ನೋಡಿದ.
"ಮಾರಾಯ, ಇದು ಗೋಡೆಗೆ ಹೊಡೆಯುವ ಸುಣ್ಣವಾ?"
"ತಿನ್ನು."
ಒಂದು ಚಮಚ.
ಕಣ್ಣು ಮುಚ್ಚಿದ, ಉರಿ ಬರಬಹುದೆಂದು
ಹೊಟ್ಟೆಯ ಮೇಲೆ ಕೈಯಿಟ್ಟು ಕಾದ.
ಬರಲಿಲ್ಲ.
ಇನ್ನೊಂದು ಚಮಚ. ಆಮೇಲೆ ಮಾತಿಲ್ಲ.
ಖುಬ್ಬೂಸಿನ ತುಂಡಿನಿಂದ ಬಟ್ಟಲ ಗೋಡೆ ಒರೆಸಿದ.
"ಸಾರಲ್ಲ ಇದು," ಎಂದ. "ಆದರೆ ಮೀನು ಮೀನೇ."
ಮಲಗಿದ, ಈ ಕಡೆಗೆ ತಿರುಗಿ.

ಉಳಿದದ್ದು ನನ್ನ ಪಾಲು.
ಮೊದಲು ಒಂದು ಚಿಟಿಕೆ ಮೆಣಸಿನ ಪುಡಿ ಉದುರಿಸಿಕೊಂಡೆ,
ಕದ್ದು, ಅವನಿಗೆ ಕಾಣದ ಹಾಗೆ.
ಕೆಟ್ಟಿತು. ಎರಡೂ ಕೆಟ್ಟವು.

ರಾತ್ರಿ ಅಕ್ಕನ ಮೆಸೇಜು:
"ಹ್ಯಾಂಗಿತ್ತ್?" ಅದರ ಕೆಳಗೆ,
ಹತ್ತು ನಿಮಿಷ ಬಿಟ್ಟು, "ಹಾಲ್ ಎಷ್ಟ್ ಹಾಕ್ದೆ?"
ಉತ್ತರ ಬರೆಯುವ ಮೊದಲು
ಬಚ್ಚಲಿನ ಟ್ಯೂಬ್‌ಲೈಟಿನ ಕೆಳಗೆ ತೋಳು ನೋಡಿಕೊಂಡೆ.
ಮೊಣಕೈಯ ಹತ್ತಿರ ಒಂದು ಬಿಳಿ ಚುಕ್ಕೆ.
ಎದೆ ಧಸಕ್ಕೆಂದಿತು.
ಉಗುರಿನಿಂದ ಕೆರೆದೆ.
ಮೈದಾ.